ಮಧ್ಯಾಹ್ನ 10.5, ಬೆಳಗಿನ ಜಾವ 4 ಮಿಲಿಗ್ರಾಂ: ಬಸಿಗಾಲುವೆಯ ಆಮ್ಲಜನಕದ ಲೆಕ್ಕ ಓದುವುದು ಹೇಗೆ?

ವಿಜ್ಞಾನ ಶಿಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳು ಈ ವರ್ಷ 'ಹೊಳೆಯ ಶಕ್ತಿ' ಎಂಬ ವಿಷಯ ಹಿಡಿದಿದ್ದಾರೆ. ನದಿ ತನ್ನೊಳಗೇ ಶಕ್ತಿಯನ್ನು ಉತ್ಪಾದಿಸುತ್ತದೆ, ಬಳಸುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಅಳೆದರೆ ಅದರ ಸುಳಿವು ಸಿಗುತ್ತದೆ ಎಂದು ನಾನೇ ಹೇಳಿಕೊಟ್ಟೆ. ಹನಿ ಹಾಕಿ ಬಣ್ಣ ಹೋಗುವವರೆಗೆ ಎಣಿಸುವ ಕಿಟ್ ತರಿಸಿ ಮೂರು ಕಡೆ ಅಳೆದರು. ಈಗ ಅಂಕಿಗಳನ್ನು ಹೇಗೆ ಓದಬೇಕೆಂಬುದರಲ್ಲಿ ನಾನೇ ತಡವರಿಸುತ್ತಿದ್ದೇನೆ.

ಒಂದು, ಶಾಲೆಯ ಹಿಂದಿನ ಬಸಿಗಾಲುವೆ. ಗದ್ದೆ ನೀರೆಲ್ಲ ಅದರಲ್ಲೇ ಹರಿದು ಹೊಳೆ ಸೇರುತ್ತದೆ. ಮಧ್ಯಾಹ್ನ ಮೂರಕ್ಕೆ ಲೀಟರಿಗೆ 10.5 ಮಿಲಿಗ್ರಾಂ, ಮರುದಿನ ಸೂರ್ಯ ಹುಟ್ಟುವ ಮೊದಲು 4. ಎರಡು, ಪೇಟೆಯ ಚರಂಡಿ ಕೂಡುವ ಹಳ್ಳ. ಮಧ್ಯಾಹ್ನ 5, ಬೆಳಿಗ್ಗೆ 2. ಮೂರನೆಯದು ಕೊಡಗಿನದು. ಒಬ್ಬ ಹುಡುಗಿ ವಿರಾಜಪೇಟೆಯ ಕಡೆ ಅತ್ತೆಯ ಮನೆಗೆ ಹೋದಾಗ ಕಿಟ್ ಒಯ್ದಿದ್ದಳು. ಕಾಫಿ ತೋಟದ ನೆರಳಿನಲ್ಲಿ ಕಲ್ಲುಗಳ ಮೇಲೆ ಇಳಿಯುವ ಸಣ್ಣ ಹೊಳೆ. ಮಧ್ಯಾಹ್ನ 7.8, ಬೆಳಿಗ್ಗೆಯೂ 7.8.

ಮಕ್ಕಳ ತೀರ್ಮಾನ: ಬಸಿಗಾಲುವೆಯೇ ಉತ್ತಮ, ಅಲ್ಲಿ ಆಮ್ಲಜನಕ ಅತಿ ಹೆಚ್ಚು. ಕೊಡಗಿನ ಹೊಳೆ ಸೋಮಾರಿ, ಏನೂ ಕೆಲಸ ಮಾಡುತ್ತಿಲ್ಲ. ಇದು ಸರಿಯಲ್ಲ ಎಂದು ಮನಸ್ಸು ಹೇಳುತ್ತದೆ, ಆದರೆ ಯಾಕೆ ಸರಿಯಲ್ಲ ಎಂದು ಒಂಬತ್ತನೇ ತರಗತಿಗೆ ತಿಳಿಯುವಂತೆ ಹೇಳಲು ಬರುತ್ತಿಲ್ಲ. ಜೊತೆಗೆ ಒಬ್ಬ ಹುಡುಗನ ಪ್ರಶ್ನೆ: "ಮಿಸ್, ಶಿವನಸಮುದ್ರದ ಕರೆಂಟು ಈ ಲೆಕ್ಕದಲ್ಲಿ ಬರುತ್ತದೆಯೇ?"

ಶಿಂಷಾಪುರದ ನಿವೃತ್ತ

ಮೇಡಂ, ಆ ಹುಡುಗನ ಪ್ರಶ್ನೆಗೆ ಉತ್ತರ ನನ್ನದು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿದ್ದು 1902ರಲ್ಲಿ, ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಅಲ್ಲಿ ಹೊಳೆ ಇಳಿಯುವ ಎತ್ತರ ಸುಮಾರು 98 ಮೀಟರ್. ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್ ನೀರು ಅಷ್ಟು ಇಳಿದರೆ 960 ಕಿಲೋಜೂಲ್. ಯಂತ್ರದಲ್ಲಿ ಏನೂ ನಷ್ಟವಾಗದಿದ್ದರೂ ಅದು ಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇದನ್ನು ನದಿ ಉತ್ಪಾದಿಸಿತು ಎನ್ನಲು ನನಗೆ ಮನಸ್ಸಿಲ್ಲ. ಬಿಸಿಲು ಸಮುದ್ರದ ನೀರನ್ನು ಎತ್ತಿ ಕೊಡಗಿನ ಮೇಲೆ ಸುರಿಯಿತು, ನದಿ ಅದನ್ನು ಇಳಿಸುತ್ತಿದೆ. ನಾವು ದಾರಿಯಲ್ಲಿ ಕೈಯೊಡ್ಡಿದೆವು. ಕೈಯೊಡ್ಡದಿದ್ದರೆ ಆ ಶಕ್ತಿ ಏನಾಗುತ್ತದೆ ಎಂದು ಮಕ್ಕಳು ಕೇಳಿದರೆ ಹೇಳಿ: ಕಲ್ಲಿಗೆ ಬಡಿದು, ಸುಳಿ ಸುತ್ತಿ, ಕೊನೆಗೆ ಶಾಖವಾಗುತ್ತದೆ. ನೀರು ಒಂದು ಡಿಗ್ರಿ ಬಿಸಿಯಾಗಲು 427 ಮೀಟರ್ ಬೀಳಬೇಕು. ಹಾಗಾಗಿ ಗಗನಚುಕ್ಕಿಯ ಕೆಳಗೆ ನೀರು ಕಾಲು ಡಿಗ್ರಿಯಷ್ಟೂ ಬಿಸಿಯಾಗದು. ಆಮ್ಲಜನಕದ ಲೆಕ್ಕ ನನಗೆ ತಿಳಿಯದು.

ಹಳೇ ಲ್ಯಾಬ್, ಕುವೆಂಪುನಗರ

ಮೇಡಂ, ನಾನು ಮೀನು ಮರಿ ಸಾಕಣೆ ಕೇಂದ್ರಗಳಲ್ಲಿ ನೀರು ಪರೀಕ್ಷಿಸುತ್ತಲೇ ಕೂದಲು ಹಣ್ಣಾದವನು. ನಿಮ್ಮ ಮಕ್ಕಳ ಅಂಕಿಗಳನ್ನು ಓದಿ ಬಹಳ ಸಂತೋಷವಾಯಿತು, ತೀರ್ಮಾನ ಓದಿ ಅಷ್ಟು ಆಗಲಿಲ್ಲ. ಬೆಳಗಿನ ಜಾವ ಎದ್ದು ಅಳೆದಿದ್ದಾರಲ್ಲ, ಅರ್ಧ ವಿಜ್ಞಾನ ಅಲ್ಲೇ ಮುಗಿಯಿತು. ನಮ್ಮ ಎಷ್ಟೋ ವರದಿಗಳು ಬೆಳಿಗ್ಗೆ ಹನ್ನೊಂದಕ್ಕೆ ಜೀಪು ಇಳಿದು ಒಂದು ಬಾಟಲಿ ತುಂಬಿಸಿಕೊಂಡು ಬಂದ ವರದಿಗಳೇ.

ಮೊದಲು ಶಿಂಷಾಪುರದವರ ಮಾತಿಗೆ ಒಂದು ಅಂಕಿ ಸೇರಿಸುತ್ತೇನೆ, ಮಕ್ಕಳಿಗೆ ಇಷ್ಟವಾದೀತು. ತಲಕಾವೇರಿ ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸಾವಿರ ಲೀಟರ್ ನೀರು ಬಂಗಾಳ ಕೊಲ್ಲಿಯವರೆಗೆ ಇಳಿದರೆ ಒಟ್ಟು ಹನ್ನೆರಡೂವರೆ ಸಾವಿರ ಕಿಲೋಜೂಲ್. ಒಂದು ಕಿಲೋ ಒಣ ತರಗೆಲೆಯಲ್ಲಿ ಇರುವ ಶಕ್ತಿ ಅದಕ್ಕಿಂತ ಹೆಚ್ಚು. ಕರೆಂಟಿನ ಲೆಕ್ಕದಲ್ಲಿ ನಮ್ಮ ಕಣ್ಣಿಗೆ ಬೀಳದ ಎಲೆ, ಹೊಳೆಯೊಳಗಿನ ಜೀವಗಳ ಲೆಕ್ಕದಲ್ಲಿ ದೊಡ್ಡ ಬಾಬ್ತು. ಮೀನಿಗೆ, ಏಡಿಗೆ, ಕಲ್ಲಿನಡಿಯ ಹುಳಕ್ಕೆ ಜಲಪಾತದ ಶಕ್ತಿ ತಿನ್ನಲು ಬರುವುದಿಲ್ಲ. ಅವುಗಳಿಗೆ ಬೇಕಾದದ್ದು ಇಂಗಾಲದಲ್ಲಿ ಕಟ್ಟಿಟ್ಟ ಶಕ್ತಿ. ಅದು ಬರುವ ದಾರಿ ಎರಡೇ. ನೀರಿನೊಳಗಿನ ಪಾಚಿ ಮತ್ತು ಗಿಡ ಬಿಸಿಲು ಹಿಡಿದು ಮಾಡಿದ್ದು ಒಂದು, ದಡದಿಂದ ಬಿದ್ದದ್ದು ಇನ್ನೊಂದು.

ಪಾಚಿ ಬಿಸಿಲು ಹಿಡಿಯುವಾಗ ಆಮ್ಲಜನಕ ಬಿಡುತ್ತದೆ. ಇದು ಗಳಿಕೆ, ಹಗಲು ಮಾತ್ರ. ಉಸಿರಾಟ ಆಮ್ಲಜನಕ ತೆಗೆದುಕೊಳ್ಳುತ್ತದೆ. ಇದು ಖರ್ಚು, ಹಗಲೂ ರಾತ್ರಿಯೂ ನಡೆಯುವಂಥದ್ದು. ಪಾಚಿ, ಬ್ಯಾಕ್ಟೀರಿಯಾ, ಮೀನು, ಎಲ್ಲರೂ ಪಾಲುದಾರರು. ಆದ್ದರಿಂದ ಆಮ್ಲಜನಕ ಮಧ್ಯಾಹ್ನ ಏರುತ್ತದೆ, ಸೂರ್ಯ ಹುಟ್ಟುವ ಮೊದಲು ತಳ ಮುಟ್ಟುತ್ತದೆ. ಈ ಏರಿಳಿತದಿಂದಲೇ ಹರಿಯುವ ನೀರಿನ ಗಳಿಕೆ ಮತ್ತು ಖರ್ಚನ್ನು ಲೆಕ್ಕ ಹಾಕುವ ವಿಧಾನವನ್ನು ಅಮೆರಿಕದ ಹೊವರ್ಡ್ ಓಡಮ್ 1956ರಲ್ಲಿ ಪ್ರಕಟಿಸಿದರು. ಇಂದು ಸಂವೇದಕ ಇಟ್ಟು ವರ್ಷವಿಡೀ ಅಳೆಯುವವರೂ ಮೂಲದಲ್ಲಿ ಮಾಡುವುದು ಅದನ್ನೇ.

ಈಗ ನಿಮ್ಮ ಬಸಿಗಾಲುವೆ. ನೀರು ತಾನಾಗಿ ಗಾಳಿಯಿಂದ ಎಷ್ಟು ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದಕ್ಕೆ ಮಿತಿಯಿದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರಿಗೆ ಅದು ಲೀಟರಿಗೆ 8.3 ಮಿಲಿಗ್ರಾಂ. ಶ್ರೀರಂಗಪಟ್ಟಣದ ಎತ್ತರಕ್ಕೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ 7.6ರ ಆಸುಪಾಸು. ಮಧ್ಯಾಹ್ನದ ಬಿಸಿ ನೀರಿಗೆ ಇನ್ನೂ ಕಡಿಮೆ. ನಿಮ್ಮದು 10.5! ಗಾಳಿಯಿಂದ ಅಷ್ಟು ಬರಲು ಸಾಧ್ಯವೇ ಇಲ್ಲ. ಪಾಚಿ ಅತಿಯಾಗಿ ದುಡಿದು, ಹೊರಹೋಗಲು ಸಮಯ ಸಿಗದೆ ಆಮ್ಲಜನಕ ನೀರಿನಲ್ಲೇ ಕೂಡಿಕೊಂಡಿದೆ. ಅದೇ ಪಾಚಿ, ಅದರ ಕೊಳೆತ ಭಾಗ ತಿನ್ನುವ ಬ್ಯಾಕ್ಟೀರಿಯಾ ಸೇರಿ ರಾತ್ರಿ ಅದನ್ನು 4ಕ್ಕೆ ಇಳಿಸಿವೆ. ಮಧ್ಯಾಹ್ನದ ಅಂಕಿ ನೋಡಿ ಈ ನೀರು ಉತ್ತಮ ಎಂದವರು, ಬೆಳಗಿನ ಜಾವ ಅದು ಇನ್ನೂ ಇಳಿದಾಗ ಮೀನು ಬಾಯಿ ತೆರೆದು ಮೇಲೆ ಬರುವುದನ್ನು ನೋಡಬೇಕು. ಸಾಕಣೆ ಕೊಳಗಳಲ್ಲಿ ಮೀನು ಸಾಯುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ಹಾಗಾದರೆ ಕೊಡಗಿನ ಹೊಳೆ ಸೋಮಾರಿಯೇ? ನನಗೆ ಅತ್ಯಂತ ಪ್ರೀತಿಯ ಅಂಕಿ ಅದೇ 7.8. ಆ ಎತ್ತರದಲ್ಲಿ, ಆ ತಂಪಿನಲ್ಲಿ ಗಾಳಿ ಕೊಡಬಲ್ಲದ್ದು ಹೆಚ್ಚುಕಡಿಮೆ ಅಷ್ಟೇ. ನೀರು ಕಲ್ಲಿಗೆ ಬಡಿದು ನೊರೆಯಾಗಿ ಇಳಿಯುತ್ತಿದೆ. ಒಳಗೆ ಉಸಿರಾಟ ಎಷ್ಟೇ ನಡೆದರೂ ಕಳೆದದ್ದನ್ನು ಗಾಳಿ ಕ್ಷಣದಲ್ಲಿ ತುಂಬಿಬಿಡುತ್ತದೆ. ಅಂಕಿ ಅಲುಗಾಡಲಿಲ್ಲ ಎಂದ ಮಾತ್ರಕ್ಕೆ ಕೆಲಸ ನಡೆದಿಲ್ಲ ಎಂದಲ್ಲ, ಕಿಟ್‌ಗೆ ಅದು ಕಾಣಲಿಲ್ಲ ಅಷ್ಟೇ. ಶಿಂಷಾಪುರದವರು ಹೇಳಿದ 'ಕಲ್ಲಿಗೆ ಬಡಿದು ಸುಳಿ ಸುತ್ತುವ' ಶಕ್ತಿ ಶಾಖವಾಗುವ ಮೊದಲು ಮಾಡುವ ಉಪಕಾರ ಇದೇ.

ಆ ಹುಡುಗಿಗೆ ಹೇಳಿ, ಮುಂದಿನ ಸಲ ಹೊಳೆಯ ತಳದಿಂದ ಒಂದು ಹಿಡಿ ತರಗೆಲೆ ಎತ್ತಿ ಬಿಳಿ ತಟ್ಟೆಯಲ್ಲಿ ಹರಡಲಿ. ಎಲೆ ಬಲೆಬಲೆಯಾಗಿರುತ್ತದೆ, ನರ ಮಾತ್ರ ಉಳಿದಿರುತ್ತದೆ. ಬಿದ್ದ ಎಲೆಯ ಮೇಲೆ ಮೊದಲು ಶಿಲೀಂಧ್ರ ಹತ್ತುತ್ತದೆ, ಎಲೆ ಮೆದುವಾಗುತ್ತದೆ, ಆಮೇಲೆ ಕೀಟಗಳ ಮರಿಗಳು ಹರಿದು ತಿನ್ನುತ್ತವೆ. ಅವು ಬಿಟ್ಟ ಚೂರು ಕೆಳಗಿನ ಹೊಳೆಯಲ್ಲಿ ಸೋಸಿ ತಿನ್ನುವ ಹುಳಗಳಿಗೆ ಸಿಗುತ್ತದೆ. ನೆರಳು ದಟ್ಟವಾದ್ದರಿಂದ ಪಾಚಿಗೆ ಅಲ್ಲಿ ಬಿಸಿಲಿಲ್ಲ. ಆ ಹೊಳೆ ಬದುಕಿರುವುದು ಹೆಚ್ಚುಪಾಲು ತೋಟ ಮತ್ತು ಕಾಡು ಉದುರಿಸಿದ್ದರ ಮೇಲೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಬೇರ್ ಬ್ರೂಕ್ ಎಂಬ ಕಾಡಿನ ತೊರೆಯಲ್ಲಿ 1973ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ವರ್ಷದ ಶಕ್ತಿಯಲ್ಲಿ ಶೇ. 99ಕ್ಕೂ ಹೆಚ್ಚು ಹೊರಗಿನಿಂದ ಬಂದದ್ದು. ಕೊಡಗಿನದೂ ಅಷ್ಟೇ ಎಂದು ನಾನು ಹೇಳುತ್ತಿಲ್ಲ. ಗಳಿಸಿದ್ದಕ್ಕಿಂತ ಹೆಚ್ಚು ಖರ್ಚು ಮಾಡುವ ಹೊಳೆ ರೋಗಗ್ರಸ್ತ ಹೊಳೆಯಲ್ಲ ಎಂಬುದಷ್ಟೇ ನನ್ನ ಮಾತು. ಜಗತ್ತಿನ ಬಹುಪಾಲು ನದಿಗಳು ಹಾಗೆಯೇ ಇವೆ.

ಇದಕ್ಕೆ ಪೂರ್ತಿ ವಿರುದ್ಧದ್ದೂ ಉಂಟು. ಅರಿಝೋನಾದ ಮರುಭೂಮಿಯ ಸಿಕಮೋರ್ ಕ್ರೀಕ್‌ನಲ್ಲಿ ದಡದಿಂದ ಬೀಳಲು ಎಲೆಯೇ ಕಡಿಮೆ, ಬಿಸಿಲು ಧಾರಾಳ. ಅಲ್ಲಿ ಪಾಚಿಯೇ ಮನೆ ನಡೆಸುತ್ತದೆ, ದಿಢೀರ್ ಪ್ರವಾಹ ಬಂದು ಕೊಚ್ಚಿಕೊಂಡು ಹೋಗುವವರೆಗೆ. ಕೀನ್ಯಾದ ಮಾರಾ ನದಿಗೆ ನೀರುಕುದುರೆಗಳು ರಾತ್ರಿ ಹುಲ್ಲುಗಾವಲಿನಲ್ಲಿ ಮೇಯ್ದು ಹಗಲು ನೀರಿನಲ್ಲಿ ಬಿದ್ದುಕೊಂಡು ದಿನಕ್ಕೆ ಸುಮಾರು 36 ಟನ್ ಲದ್ದಿ ಸುರಿಯುತ್ತವೆ. ನಗಬೇಡಿ, ರಂಗನತಿಟ್ಟಿನಲ್ಲೂ ನಡೆಯುವುದು ಆ ಜಾತಿಯದೇ ವ್ಯವಹಾರ. ಬಾಯಿಕಳಕ ಕೊಕ್ಕರೆ ಗದ್ದೆಯಲ್ಲಿ ಬಸವನಹುಳು ಹೆಕ್ಕಿ ತಿಂದು ಬಂದು ಹೊಳೆಯ ನಡುವಿನ ಮರದ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಗದ್ದೆಯ ಶಕ್ತಿ ಹೊಳೆಗೆ ಬಂತು. ಪಶ್ಚಿಮವಾಹಿನಿಯಲ್ಲಿ ಬಿಡುವ ಪಿಂಡದ ಅನ್ನವನ್ನೂ ಬೇಕಾದರೆ ಈ ಪಟ್ಟಿಗೆ ಸೇರಿಸಿ. ಅಲ್ಲಿನ ಮೀನುಗಳೇನೂ ಆಕ್ಷೇಪಿಸಲಾರವು.

ಮೇಲಿನ ನೆರಳಿನ ತೊರೆ ಎಲೆಯ ಮೇಲೆ, ಮಧ್ಯದ ಅಗಲ ಹೊಳೆ ಬಿಸಿಲಿನ ಮೇಲೆ, ಕೆಳಗಿನ ಆಳದ ಮಬ್ಬು ನದಿ ಮತ್ತೆ ಮೇಲಿಂದ ಬಂದ ಚೂರುಪಾರಿನ ಮೇಲೆ ಬದುಕುತ್ತದೆ ಎಂಬ ಚಿತ್ರವನ್ನು 1980ರಲ್ಲಿ ರಾಬಿನ್ ವ್ಯಾನೋಟ್ ಮತ್ತು ಸಂಗಡಿಗರು ಕೊಟ್ಟರು. ಚೆಂದದ ಚಿತ್ರ, ಪರೀಕ್ಷೆಗೂ ಅನುಕೂಲ. ಆದರೆ ನಮ್ಮ ಕಾವೇರಿಗೆ ಹೊಂದಿಸಲು ಹೋದರೆ ಕನ್ನಂಬಾಡಿಯಲ್ಲಿ ಮುಗ್ಗರಿಸುತ್ತದೆ. ಹೇಮಾವತಿ, ಲಕ್ಷ್ಮಣತೀರ್ಥಗಳ ನೀರನ್ನೂ ಸೇರಿಸಿಕೊಂಡು 49 ಟಿಎಂಸಿ ಹಿಡಿಯುವ ಜಲಾಶಯ ಅದು. ಮೇಲಿನಿಂದ ಬಂದ ಎಲೆಚೂರು, ಹೂಳು ಅಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ಅಣೆಕಟ್ಟಿನ ಕೆಳಗೆ ಬಿಡುವುದು ತಿಳಿಯಾದ, ತೆಳುವಾದ ನೀರು. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣದ ಸ್ನಾನಘಟ್ಟದ ಬಂಡೆಗಳಿಗೆ ಬಿಸಿಲು ನೇರ ತಾಗುತ್ತದೆ, ಪಾಚಿ ಕಟ್ಟುತ್ತದೆ, ಕಾಲಿಟ್ಟರೆ ಜಾರುತ್ತದೆ. ಅಣೆಕಟ್ಟು ತುಂಬಿ ಗೇಟು ತೆರೆದ ವರ್ಷ ಒಂದೇ ವಾರದಲ್ಲಿ ಬಂಡೆಗಳು ಉಜ್ಜಿದಂತೆ ಬೋಳಾಗುತ್ತವೆ, ನೀರೂ ಕೆಂಪಾಗಿ ಬಿಸಿಲಿಗೆ ತಡೆ. ಗಳಿಕೆ ಅಲ್ಲಿಗೆ ಕುಸಿಯಿತು. ಅಮೆರಿಕದ ಇನ್ನೂರಕ್ಕೂ ಹೆಚ್ಚು ನದಿಗಳ ವರ್ಷಪೂರ್ತಿ ಲೆಕ್ಕ ನೋಡಿದವರು 2022ರಲ್ಲಿ ಹೇಳಿದ್ದೂ ಇದನ್ನೇ: ನದಿಯ ಲೆಕ್ಕ ಬರೆಯುವುದು ಮುಖ್ಯವಾಗಿ ನೀರಿಗೆ ತಲುಪುವ ಬೆಳಕು ಮತ್ತು ಹರಿವಿನ ಸ್ಥಿರತೆ. ಬೆಟ್ಟವೋ ಬಯಲೋ ಎಂದು ಕೇಳುವ ಮೊದಲು ಅಲ್ಲಿ ನೆರಳಿದೆಯೇ, ಹೋದ ತಿಂಗಳು ಪ್ರವಾಹ ಬಂದಿತ್ತೇ ಎಂದು ಕೇಳಬೇಕು.

ಕಬ್ಬು-ಭತ್ತ, ಪಾಂಡವಪುರ ತಾಲ್ಲೂಕು

ಲ್ಯಾಬ್ ಸಾಹೇಬರೇ, ಎಲ್ಲ ಸರಿ. ಆದರೆ ಬಸಿಗಾಲುವೆಯ ಮಾತು ಬಂದಾಗ ನೀವು ಬಾಯಿಬಿಟ್ಟು ಹೇಳದೆಯೇ ಬೆರಳು ನಮ್ಮ ಗದ್ದೆಯ ಕಡೆ ತೋರಿಸಿದ್ದೀರಿ. ಯೂರಿಯಾ, ಡಿಎಪಿ ಹಾಕದೆ ಎಕರೆಗೆ ನಾಲ್ಕು ಮೂಟೆಯೂ ಬರುವುದಿಲ್ಲ. ಪೇಟೆಯ ಚರಂಡಿಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ ನೀವು, ಅಲ್ಲಿ ಬೆಳಿಗ್ಗೆ 2 ಇದೆಯಲ್ಲ? ಇನ್ನೊಂದು ವಿಷಯ, ನಾಲೆಯಲ್ಲಿ ಕಟ್ಟು ನೀರು, ಅಂದರೆ ಸರದಿಯ ನೀರು, ಬಿಡುವ ದಿನ ಬಸಿಗಾಲುವೆ ಹರಿಯುತ್ತದೆ. ನಿಲ್ಲಿಸಿದ ಮೇಲೆ ಮೊಣಕಾಲಿಗೂ ಕಡಿಮೆ ನೀರು ನಿಂತಲ್ಲೇ ನಿಂತಿರುತ್ತದೆ. ಮಕ್ಕಳು ಅಳೆದದ್ದು ಯಾವ ದಿನ ಎಂದು ಕೇಳಿದಿರಾ?

ಹಳೇ ಲ್ಯಾಬ್, ಕುವೆಂಪುನಗರ

ಗೌಡರೇ, ಕೊನೆಯ ಪ್ರಶ್ನೆಯನ್ನು ನಾನು ಕೇಳಬೇಕಿತ್ತು, ನೀವು ಕೇಳಿದಿರಿ. ನೀರು ನಿಂತ ದಿನದ ಏರಿಳಿತ ಹರಿಯುವ ದಿನಕ್ಕಿಂತ ಬಹಳ ದೊಡ್ಡದಾಗಿರುತ್ತದೆ. ಮೇಡಂ, ಆ ದಿನಾಂಕಕ್ಕೆ ನಾಲೆಯಲ್ಲಿ ನೀರಿತ್ತೇ ಎಂಬುದನ್ನು ಮಕ್ಕಳ ಪುಸ್ತಕದಲ್ಲಿ ಬರೆಸಿ.

ಗೊಬ್ಬರ ಮತ್ತು ಚರಂಡಿಯ ಕೆಲಸ ಬೇರೆಬೇರೆ. ಗೊಬ್ಬರ ಹೊಳೆಯ ಜೀವಿಗಳಿಗೆ ಊಟವನ್ನು ತರುವುದಿಲ್ಲ. ಬಿದ್ದ ಬಿಸಿಲನ್ನು ಹೆಚ್ಚು ಹಿಡಿಯುವಂತೆ ಪಾಚಿಯನ್ನು ಬೆಳೆಸುತ್ತದೆ, ಗಳಿಕೆಯನ್ನೂ ಖರ್ಚನ್ನೂ ಒಟ್ಟಿಗೆ ಹಿಗ್ಗಿಸುತ್ತದೆ. ಆದ್ದರಿಂದಲೇ 10.5 ಮತ್ತು 4. ಚರಂಡಿ ತರುವುದು ತಯಾರಾದ ಊಟ. ಬ್ಯಾಕ್ಟೀರಿಯಾ ಹಗಲೂ ರಾತ್ರಿ ತಿನ್ನುತ್ತದೆ, ನೀರು ಕಪ್ಪಾಗಿರುವುದರಿಂದ ಪಾಚಿಯೂ ಹೆಚ್ಚು ದುಡಿಯಲಾರದು. ಗಳಿಕೆ ಸ್ವಲ್ಪ, ಖರ್ಚೇ ಬಹಳ. ಆದ್ದರಿಂದ 5 ಮತ್ತು 2. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಕೇಳಿದರೆ ನಾನು ಚರಂಡಿಯತ್ತಲೇ ಬೆರಳು ಮಾಡುತ್ತೇನೆ, ನಿಮ್ಮ ಗದ್ದೆಯತ್ತ ಅಲ್ಲ. ಸಮಾಧಾನವಾಯಿತೇ?

ಆದರೆ ಆಲೆಮನೆಗಳನ್ನು ಬಿಡುವುದಿಲ್ಲ. ಕೊಪ್ಪರಿಗೆ ತೊಳೆದ ಸಿಹಿ ನೀರನ್ನು ಕಾಲುವೆಗೆ ಚೆಲ್ಲುವುದನ್ನು ನೋಡಿದ್ದೇನೆ. ಒಂದು ಕಿಲೋ ಸಕ್ಕರೆಯನ್ನು ಬ್ಯಾಕ್ಟೀರಿಯಾ ಪೂರ್ತಿ ಅರಗಿಸಲು 1.1 ಕಿಲೋ ಆಮ್ಲಜನಕ ಬೇಕು. ಸಾವಿರ ಲೀಟರ್ ನೀರಿನಲ್ಲಿ ಇರುವುದೇ ಏಳೂವರೆ ಗ್ರಾಂ. ಗಾಳಿಯಿಂದ ಹೊಸದಾಗಿ ಸೇರದಿದ್ದರೆ ಆ ಒಂದು ಕಿಲೋ ಸುಮಾರು ಒಂದೂವರೆ ಲಕ್ಷ ಲೀಟರ್ ನೀರಿನ ಆಮ್ಲಜನಕವನ್ನು ಬರಿದು ಮಾಡುತ್ತದೆ. ಬೆಲ್ಲ ಶುದ್ಧವಾಗಿದ್ದರೂ ಹೊಳೆಗೆ ಅದೇ ಗತಿ.

ವಿಜ್ಞಾನ ಶಿಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು

ಎಲ್ಲರಿಗೂ ಧನ್ಯವಾದ. ಮಕ್ಕಳಿಗೆ ಓದಿ ಹೇಳಿದೆ. ನೀರುಕುದುರೆಯ ಭಾಗವನ್ನು ಮತ್ತೆ ಮತ್ತೆ ಓದಿಸಿದರು. ಬಸಿಗಾಲುವೆಯಲ್ಲಿ ಅಳೆದ ದಿನ ನಾಲೆ ನಿಂತಿತ್ತು, ಗೌಡರ ಊಹೆ ಸರಿ. ಈಗ ಅವರಿಗೆ ಆಮ್ಲಜನಕವನ್ನು ಶಕ್ತಿಯ ಅಂಕಿಯಾಗಿ ಬದಲಿಸಬೇಕಂತೆ, 'ಇಷ್ಟು ಯೂನಿಟ್' ಎಂದು ಫಲಕದಲ್ಲಿ ಬರೆಯಬೇಕಂತೆ. ಆಗುತ್ತದೆಯೇ? ಹಾಗೆಯೇ ಗಳಿಕೆ, ಖರ್ಚನ್ನು ಬೇರೆಬೇರೆಯಾಗಿ ತೋರಿಸುವ ಸುಲಭದ ಪ್ರಯೋಗ ಏನಾದರೂ?

ಹಳೇ ಲ್ಯಾಬ್, ಕುವೆಂಪುನಗರ

ಆಗುತ್ತದೆ. ಒಂದು ಗ್ರಾಂ ಆಮ್ಲಜನಕಕ್ಕೆ ಸುಮಾರು 14 ಕಿಲೋಜೂಲ್. ಒಂದು ಚದರ ಮೀಟರ್ ಹೊಳೆ ದಿನಕ್ಕೆ 5 ಗ್ರಾಂ ಆಮ್ಲಜನಕ ಉತ್ಪಾದಿಸಿತು ಎಂದಿಟ್ಟುಕೊಳ್ಳಿ, ಅದು ಒಳ್ಳೆಯ ದುಡಿಮೆಯೇ. 70 ಕಿಲೋಜೂಲ್ ಆಯಿತು. ಒಂದು ಚಮಚ ಸಕ್ಕರೆಯಷ್ಟು. ಅದೇ ಚದರ ಮೀಟರ್ ಮೇಲೆ ನಮ್ಮ ಕಡೆ ದಿನಕ್ಕೆ ಬೀಳುವ ಬಿಸಿಲು ಸುಮಾರು 5 ಯೂನಿಟ್, ಅಂದರೆ 18,000 ಕಿಲೋಜೂಲ್. ಪಾಚಿ ಹಿಡಿದದ್ದು ಶೇಕಡ ಅರ್ಧವೂ ಇಲ್ಲ. ಫಲಕದಲ್ಲಿ ಈ ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಸಿ.

ಪ್ರಯೋಗಕ್ಕೆ ಒಂದೇ ಅಳತೆಯ, ಬಿಗಿ ಮುಚ್ಚಳದ ಗಾಜಿನ ಬಾಟಲಿಗಳು ಸಾಕು. ಮೊದಲು ನೀರಿನ ಆಮ್ಲಜನಕ ಅಳೆದುಕೊಳ್ಳಿ. ಆಮೇಲೆ ಅದೇ ನೀರನ್ನು ಗುಳ್ಳೆ ಉಳಿಯದಂತೆ ತುಂಬಿ, ಒಂದಕ್ಕೆ ಕಪ್ಪು ಬಟ್ಟೆ ಸುತ್ತಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಹಗ್ಗದಲ್ಲಿ ಕಟ್ಟಿ ನೀರಿನಲ್ಲೇ ಇಳಿಬಿಡಿ. ನಾಲ್ಕೈದು ಗಂಟೆ ಬಿಟ್ಟು ಅಳೆಯಿರಿ. ಕಪ್ಪು ಬಾಟಲಿಯಲ್ಲಿ ಕಡಿಮೆಯಾದದ್ದು ಖರ್ಚು. ಬಿಳಿ ಬಾಟಲಿಯಲ್ಲಿ ಹೆಚ್ಚಾದದ್ದು ಖರ್ಚು ಕಳೆದು ಉಳಿದ ಗಳಿಕೆ. ಎರಡನ್ನೂ ಕೂಡಿದರೆ ಒಟ್ಟು ಗಳಿಕೆ. ಇದು ನೀರಿನಲ್ಲಿ ತೇಲುವುದರ ಲೆಕ್ಕ ಮಾತ್ರ. ಕಲ್ಲಿಗೆ ಅಂಟಿದ ಪಾಚಿಯದೂ ಬೇಕಿದ್ದರೆ ಪಾಚಿ ಕಟ್ಟಿದ ಬೆಣಚುಕಲ್ಲನ್ನು ಎರಡಕ್ಕೂ ಒಂದೊಂದು ಹಾಕಿ.

ಒಂದು ಕಟ್ಟುನಿಟ್ಟಿನ ಮಾತು. ಮಕ್ಕಳನ್ನು ನಸುಕಿನಲ್ಲಿ ಹೊಳೆಗೆ ಇಳಿಸಬೇಡಿ. ಶ್ರೀರಂಗಪಟ್ಟಣದ ಸುತ್ತ ಮೊಸಳೆಗಳಿವೆ, ಮೇಲಿನಿಂದ ನೀರು ಬಿಟ್ಟರೆ ಮಟ್ಟ ಏರುವುದೂ ತಿಳಿಯುವುದಿಲ್ಲ. ಬಸಿಗಾಲುವೆಯೇ ಸಾಕು, ಅದೂ ದಡದಿಂದ, ಕೋಲಿಗೆ ಕಟ್ಟಿದ ಡಬ್ಬಿಯಿಂದ.

ಕಬ್ಬು-ಭತ್ತ, ಪಾಂಡವಪುರ ತಾಲ್ಲೂಕು

ಮೇಡಂ, ನಮ್ಮ ಗದ್ದೆಯ ಬದಿಯ ಬಸಿಗಾಲುವೆಗೆ ಸುಮಾರು ನೂರು ಅಡಿ ಉದ್ದಕ್ಕೆ ಹೊಂಗೆ ಮರಗಳ ನೆರಳಿದೆ. ಆಚೆ ಪೂರ್ತಿ ಬಯಲು. ನೀರು ಅದೇ, ಗೊಬ್ಬರವೂ ಅದೇ. ಬೆಳಕು ಬೇರೆ, ಅಷ್ಟೇ. ಮಕ್ಕಳನ್ನು ಕರೆತನ್ನಿ, ಬಾಟಲಿಗಳನ್ನು ಎರಡೂ ಕಡೆ ಕಟ್ಟಿ ನೋಡೋಣ. ಮುಂದಿನ ಕಟ್ಟು ನೀರು ಬಿಟ್ಟ ಮೂರನೇ ದಿನಕ್ಕೆ ಬನ್ನಿ, ಆಗ ಹರಿವು ಹದವಾಗಿರುತ್ತದೆ. ಪಂಪ್‌ಸೆಟ್ ಮನೆಯಲ್ಲಿ ಕೂರಲು ಜಾಗವಿದೆ, ಮಧ್ಯಾಹ್ನದ ಊಟಕ್ಕೆ ಮುದ್ದೆ, ಉಪ್ಪುಸಾರು ನಮ್ಮ ಮನೆಯದು.